ಅಲಿಯಾ ವೋಕ್ಸ್: ಮನೆಮಂದಿಯೇ ಕಟ್ಟಿದ ಶಾಸ್ತ್ರೀಯ ಲೇಬಲ್. ಮಾಸ್ಟರ್ ಯಾರದ್ದು, ಧ್ವನಿ ಎಲ್ಲಿಯದ್ದು, ಕಾಗದ ಏನೇನು?

ಗಮಕಪ್ರಿಯ

ಅಲಿಯಾ ವೋಕ್ಸ್ ಬಗ್ಗೆ ಹಳೆಯ ಎಳೆಗಳಲ್ಲಿ ಅಲ್ಲೊಂದು ಇಲ್ಲೊಂದು ಮಾತು ಬಂದಿದೆ, ಒಂದೆಡೆ ಸೇರಿಲ್ಲ. ಹೊಸಬರಿಗಾಗಿ: ವಯೊಲಾ ದ ಗಾಂಬಾ (ಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ ಯುರೋಪಿನ ಹಳೆಯ ತಂತಿವಾದ್ಯ) ವಾದಕ ಜೋರ್ಡಿ ಸವಾಲ್ ಮತ್ತು ಅವರ ಪತ್ನಿ, ಗಾಯಕಿ ಮೊಂತ್ಸೆರಾತ್ ಫಿಗೇರಾಸ್ 1998ರಲ್ಲಿ ಶುರು ಮಾಡಿದ ಲೇಬಲ್ ಇದು. ಮನೆ, ಕಚೇರಿ ಎರಡೂ ಬಾರ್ಸಿಲೋನಾ ಪಕ್ಕದ ಬೆಲ್ಯತೆರಾದಲ್ಲಿ. ಮಗಳು ಅರಿಯಾನಾ ಹಾರ್ಪ್ ನುಡಿಸಿಕೊಂಡು ಹಾಡುತ್ತಾರೆ, ಮಗ ಫೆರ್ರಾನ್ ಥಿಯೋರ್ಬೊ (ಉದ್ದ ಕುತ್ತಿಗೆಯ ಮೀಟುವ ವಾದ್ಯ) ಹಿಡಿದು ಹಾಡುತ್ತಾರೆ. ನಾಲ್ವರೂ ಕೂಡಿ ಮಾಡಿದ ಆಲ್ಬಂ 2005ರಲ್ಲಿ ಬಂತು.

ನಮ್ಮಲ್ಲೂ ಮೂರು ತಲೆಮಾರು ಹಾಡುವ, ನುಡಿಸುವ ಮನೆಗಳಿವೆ. ಅವರ ಧ್ವನಿಮುದ್ರಣವೆಲ್ಲ ಯಾವುದೋ ಕಂಪನಿಯ ಗೋದಾಮಿನಲ್ಲೋ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲೋ ಇರುತ್ತದೆ. ಆದ್ದರಿಂದ ಈ ಎಳೆಯಲ್ಲಿ ಹೊಗಳಿಕೆ ಬೇಡ, ಕೆಲಸದ ಮಾತು ಬರಲಿ. ಇಂಥ ಲೇಬಲ್ ನಿಂತಿರುವುದು ಯಾವುದರ ಮೇಲೆ? ಎಲ್ಲಿ ಎಡವುತ್ತದೆ? ಕರ್ನಾಟಕ ಸಂಗೀತದ ಮನೆಯೊಂದು ಇದನ್ನು ಮಾಡಬೇಕಾದರೆ ಏನು ಬದಲಾಗುತ್ತದೆ?

ರೀಲ್‌ಟೇಪ್

ಮೊದಲು ಮಾಸ್ಟರ್ ಟೇಪಿನ, ಅಂದರೆ ಪ್ರತಿಗಳನ್ನೆಲ್ಲ ತೆಗೆಯುವ ಮೂಲ ಮುದ್ರಣದ ವಿಷಯ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಸವಾಲ್ 1998ರಲ್ಲಿ ಹೊಸಬರೇನಲ್ಲ. 1968ರಲ್ಲೇ ಬಾಸೆಲ್‌ಗೆ ಹೋಗಿ ಸ್ಕೋಲಾ ಕ್ಯಾಂಟೋರಂ ಎಂಬ ಪ್ರಾಚೀನ ಸಂಗೀತದ ಶಾಲೆಯಲ್ಲಿ ಔಗುಸ್ಟ್ ವೆನ್ಸಿಂಗರ್ ಹತ್ತಿರ ಕಲಿತವರು. ಅವರು ಕಟ್ಟಿದ ತಂಡಗಳಲ್ಲಿ ಹೆಸ್ಪೆರಿಯೋನ್ 1974ರದ್ದು, ಕಾಪೆಯಾ ರೆಯಾಲ್ 1987ರದ್ದು, ಲ ಕೊನ್ಸೇರ್ ದೆ ನಾಸಿಯೋಂ 1989ರದ್ದು. ಆ ಹೊತ್ತಿಗೆ ಅವರ ಧ್ವನಿಮುದ್ರಣಗಳು ಇಎಂಐನ ರಿಫ್ಲೆಕ್ಸೆ ಸರಣಿ, ಮಿಶೆಲ್ ಬರ್ನ್‌ಸ್ಟೈನ್ ಕಟ್ಟಿದ ಅಸ್ತ್ರೇ ಲೇಬಲ್ ಹೀಗೆ ಹಲವು ಕಡೆ ಹಂಚಿಹೋಗಿದ್ದವು. ಕಂಪನಿ ಕೈಬದಲಾದಾಗ ಕಲಾವಿದನ ಇಪ್ಪತ್ತು ವರ್ಷದ ದುಡಿಮೆಯೂ ಅದರ ಜೊತೆಗೇ ಕೈಬದಲಾಗುತ್ತದೆ. ಇಎಂಐನ ಶಾಸ್ತ್ರೀಯ ವಿಭಾಗ 2013ರಲ್ಲಿ ವಾರ್ನರ್‌ಗೆ ಹೋಯಿತು, ರಿಫ್ಲೆಕ್ಸೆ ಕಾಲದ ಹೆಸ್ಪೆರಿಯೋನ್ ಮುದ್ರಣಗಳು ಇವತ್ತು ಅಲ್ಲಿವೆ. ಅಸ್ತ್ರೇಗೆ ಮಾಡಿದವು ಮಾತ್ರ ಈಗ 'ಹೆರಿಟೇಜ್' ಎಂಬ ಸರಣಿಯಲ್ಲಿ ಅಲಿಯಾ ವೋಕ್ಸ್ ಹೆಸರಲ್ಲೇ ಮರುಮುದ್ರಣವಾಗಿ ಬರುತ್ತಿವೆ.

ಒಬ್ಬನೇ ವಾದಕ, ಅದೇ ತಂಡ, ಹೆಚ್ಚುಕಡಿಮೆ ಅದೇ ಕಾಲ. ಒಂದು ಗುಂಪಿನ ಟೇಪು ಮನೆಗೆ ಬಂತು, ಇನ್ನೊಂದು ಬರಲಿಲ್ಲ. ಮನೆಗೆ ಬಂದದ್ದು ಹೊಸ ಮಾಸ್ಟರಿಂಗ್, ಹೊಸ ಪುಸ್ತಿಕೆಯೊಡನೆ ಮತ್ತೆ ಅಂಗಡಿಗೆ ಬರುತ್ತದೆ. ಬರದೇ ಇದ್ದದ್ದು ಇನ್ನೊಬ್ಬರ ಮರ್ಜಿಗೆ ಬಿಟ್ಟದ್ದು. ಹೊಸ ಆಲ್ಬಂ ನಷ್ಟ ಮಾಡಿದ ವರ್ಷ ಇಂಥ ಲೇಬಲನ್ನು ನಡೆಸಿಕೊಂಡು ಹೋಗುವುದು ಈ ಹಳೆಯ ಸರಕೇ.

ಧಾರವಾಡದ ಕೇಳುಗ

ಇದೆಲ್ಲಾ ಖರೇ ರೀ. ಆದ್ರ ಒಂದ್ ಮಾತು. ಲೇಬಲ್ ಶುರು ಮಾಡೂ ಹೊತ್ತಿಗೆ ಸವಾಲ್ ಹೆಸರು ಮಾಡಿಬಿಟ್ಟಿದ್ರು. 1991ರ ಒಂದು ಫ್ರೆಂಚ್ ಸಿನಿಮಾಕ್ಕ ಅವ್ರು ಮಾಡಿದ ಸಂಗೀತಕ್ಕ ಸೆಜಾರ್ ಪ್ರಶಸ್ತಿ ಬಂದಿತ್ತು. ಗಾಂಬಾ ಅಂದ್ರ ಏನಂತ ಗೊತ್ತಿಲ್ಲದ ಮಂದಿನೂ ಆ ಡಿಸ್ಕ್ ಕೊಂಡಿದ್ರು. ಕೇಳೂ ಮಂದಿ ಮೊದಲ, ಲೇಬಲ್ ಆಮ್ಯಾಲೆ. ರವಿಶಂಕರ್ ಅವ್ರ ಪ್ರತಿಷ್ಠಾನದ ಈಸ್ಟ್ ಮೀಟ್ಸ್ ವೆಸ್ಟ್ ಲೇಬಲ್ ಬಂದದ್ದೂ 2010ರಾಗ, ಜೀವಮಾನ ಪೂರಾ ಹೆಸರು ಗಳಿಸಿದ ಮ್ಯಾಲೆ. ಊರಾಗ ವರ್ಷಕ್ಕ ನಾಕು ಕಛೇರಿ ಮಾಡೂ ಮನಿಯವ್ರು ಇದನ್ನ ನೋಡಿ ಲೇಬಲ್ ತೆಗದ್ರ ಡಿಸ್ಕ್ ಅಟ್ಟದ ಮ್ಯಾಲೇ ಉಳೀತಾವು.

ರೀಲ್‌ಟೇಪ್

ಒಪ್ಪಿದೆ. ಆದರೆ ಹೆಸರಿಲ್ಲದ ಮನೆಗೆ ಲೇಬಲ್ ಬೇಕಾಗುವುದು ಮಾರಾಟಕ್ಕಿಂತ ಮೊದಲು ಒಡೆತನಕ್ಕೆ. 500 ಡಿಸ್ಕ್ ಒತ್ತಿಸಲೇಬೇಕು ಎಂದು ಯಾರೂ ಹೇಳಿಲ್ಲ. ಮಾಸ್ಟರ್, ಅದರ ಹಕ್ಕುಪತ್ರ, ಹಾಡುಗಳ ಸರಿಯಾದ ಪಟ್ಟಿ, ಈ ಮೂರು ಒಂದೇ ಸಂಸ್ಥೆಯ ಹೆಸರಲ್ಲಿದ್ದರೆ ಲೇಬಲ್ ಇದ್ದಂತೆಯೇ. ಡಿಸ್ಕು ಆಮೇಲಿನ ಮಾತು.

ಮೈಕು_ಮೌನ

ಧ್ವನಿಯ ಕಡೆಯಿಂದ ಸ್ವಲ್ಪ. ಅಲಿಯಾ ವೋಕ್ಸ್‌ನ ಬಹಳಷ್ಟು ಮುದ್ರಣ ಕ್ಯಾಟಲೋನಿಯಾದ ಕಾರ್ದೋನಾ ಕೋಟೆಯೊಳಗಿನ ಸಾಂತ್ ವಿಸೆನ್ಸ್ ಇಗರ್ಜಿಯಲ್ಲಿ ಆಗಿದೆ. 11ನೇ ಶತಮಾನದ ಕಲ್ಲುಕಟ್ಟಡ, ಎತ್ತರದ ಕಮಾನುಗಳು. ಸ್ಟುಡಿಯೊದಲ್ಲಿ ಮುದ್ರಿಸಿ ಆಮೇಲೆ ಕೃತಕ ಅನುರಣನ (ಗೋಡೆಗಳಿಂದ ಮರಳಿ ಉಳಿಯುವ ದನಿ) ಬೆರೆಸುವ ಬದಲು ಕಟ್ಟಡವನ್ನೇ ಒಂದು ವಾದ್ಯದಂತೆ ಬಳಸುವ ಪದ್ಧತಿ ಅದು. ಸವಾಲ್ ನುಡಿಸುವ ಏಳು ತಂತಿಯ ಬಾಸ್ ಗಾಂಬಾ ಬಾರಾಕ್ ನಾರ್ಮನ್ 1697ರಲ್ಲಿ ಲಂಡನ್ನಿನಲ್ಲಿ ಮಾಡಿದ್ದು. ಕರುಳಿನ ತಂತಿ, ಕುತ್ತಿಗೆಗೆ ಕಟ್ಟಿದ ಕರುಳಿನದೇ ಮೆಟ್ಟಿಲುಗಳು. ದನಿ ಸಣ್ಣದು. ಅಂಥ ವಾದ್ಯಕ್ಕೆ ಕಲ್ಲುಗೋಡೆ ಮೈ ತುಂಬಿಕೊಡುತ್ತದೆ.

ಇದನ್ನು ನೋಡಿ ನಮ್ಮವರು ಮಾಡುವ ತಪ್ಪೆಂದರೆ ಮೈಕನ್ನು ಅಷ್ಟೇ ದೂರ ಇಡುವುದು. ವಾದ್ಯದಿಂದ ನೇರ ಬರುವ ದನಿ, ಕೋಣೆಯಿಂದ ತಿರುಗಿ ಬರುವ ದನಿ ಎರಡೂ ಸಮವಾಗುವ ಒಂದು ದೂರ ಇರುತ್ತದೆ. ಲೆಕ್ಕ ಸುಲಭ: ಕೋಣೆಯ ಘನ ಅಳತೆಯನ್ನು (ಘನ ಮೀಟರಿನಲ್ಲಿ) ಅನುರಣನದ ಸೆಕೆಂಡುಗಳಿಂದ ಭಾಗಿಸಿ, ವರ್ಗಮೂಲ ತೆಗೆದು, 0.057ರಿಂದ ಗುಣಿಸಿ. 5000 ಘನ ಮೀಟರಿನ, 4 ಸೆಕೆಂಡು ಅನುರಣನದ ಇಗರ್ಜಿಯಲ್ಲಿ ಅದು ಸುಮಾರು 2 ಮೀಟರ್. 6 × 5 × 3 ಮೀಟರಿನ ಮನೆಯ ಹಾಲಿನಲ್ಲಿ, ಅನುರಣನ ಅರ್ಧ ಸೆಕೆಂಡು ಎಂದಿಟ್ಟುಕೊಂಡರೆ, ಸುಮಾರು 76 ಸೆಂ.ಮೀ. ಅಂದರೆ ಮನೆಯಲ್ಲಿ ಒಂದೂವರೆ ಮೀಟರ್ ದೂರ ಇಟ್ಟ ಮೈಕಿಗೆ ವೀಣೆಗಿಂತ ಕೋಣೆಯೇ ಹೆಚ್ಚು ಕೇಳುತ್ತದೆ, ಆ ಕೋಣೆ ಕೇಳಲು ಚೆನ್ನಾಗಿಯೂ ಇರುವುದಿಲ್ಲ. ಇದು ಎಲ್ಲ ದಿಕ್ಕಿಗೂ ಸಮವಾಗಿ ಕೇಳುವ ಓಮ್ನಿ ಮೈಕಿನ ಲೆಕ್ಕ. ಮುಂದಿನಿಂದ ಬರುವ ದನಿಯನ್ನೇ ಹೆಚ್ಚು ಕೇಳುವ ಕಾರ್ಡಿಯಾಯ್ಡ್ ಆದರೆ ಸುಮಾರು 1.7 ಪಟ್ಟು ದೂರ ಸಿಗುತ್ತದೆ.

ಮನೆಯಲ್ಲಿ ಮಾಡುವುದಾದರೆ ವೀಣೆಗೆ 50–60 ಸೆಂ.ಮೀ. ದೂರದಲ್ಲಿ ಒಂದು ಜೋಡಿ ಕಾರ್ಡಿಯಾಯ್ಡ್, ನಡುವೆ 17 ಸೆಂ.ಮೀ. ಅಂತರ, 110 ಡಿಗ್ರಿ ಕೋನ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಅಥವಾ ದಪ್ಪ ಜಮಖಾನ. ಫ್ಯಾನು, ಫ್ರಿಜ್ಜು, ಯುಪಿಎಸ್ ಮೂರೂ ಬಂದ್. ರೆಕಾರ್ಡಿಂಗ್ ಮಟ್ಟದ ಶಿಖರ ಮೈನಸ್ 12 ಡೆಸಿಬೆಲ್ ದಾಟದಿರಲಿ, 24 ಬಿಟ್‌ನಲ್ಲಿ ಅಷ್ಟು ಜಾಗ ಬಿಟ್ಟರೆ ಏನೂ ಕಳೆದುಹೋಗದು. ಪ್ರತಿ ಬೈಠಕ್ಕಿನ ಕೊನೆಗೆ ಯಾರೂ ಅಲುಗದೆ ಒಂದು ನಿಮಿಷ ಕೋಣೆಯ ಮೌನವನ್ನೇ ಮುದ್ರಿಸಿಕೊಳ್ಳಿ. ಸಂಕಲನದಲ್ಲಿ ಎರಡು ತುಂಡಿನ ನಡುವೆ ಪೂರ್ಣ ಶೂನ್ಯ ಇಟ್ಟರೆ ಹಳ್ಳಕ್ಕೆ ಬಿದ್ದಂತೆ ಕೇಳುತ್ತದೆ, ಅಲ್ಲಿ ಈ ಮೌನ ತುಂಬಬೇಕು.

ಶ್ರುತಿಪೆಟ್ಟಿಗೆ

ಅಲಿಯಾ ವೋಕ್ಸ್ ಮಾದರಿ ನಮಗೆ ಪೂರ್ತಿ ಹೊಂದದಿರುವುದು ಸಂಕಲನದಲ್ಲಿ. ಬರೆದಿಟ್ಟ ಸಂಗೀತದಲ್ಲಿ ಮೂರನೇ ಟೇಕಿನ (ಮೂರನೇ ಸಲ ಮುದ್ರಿಸಿದ್ದರ) 12ನೇ ಬಾರ್ ಅನ್ನು ಮೊದಲ ಟೇಕಿಗೆ ಕೂರಿಸಬಹುದು. ಕಲ್ಪನಾಸ್ವರದಲ್ಲಿ ಅದು ಆಗದ ಮಾತು. ಕೃತಿಯ ಭಾಗ ಹೊಂದಿಸಬಹುದಲ್ಲ ಎಂದರೆ ಅಲ್ಲಿ ಮೃದಂಗ ಅಡ್ಡ ಬರುತ್ತದೆ. ಎಡಮುಖಕ್ಕೆ ಹಚ್ಚಿದ ರವೆ ಒಣಗುತ್ತ ಹೋದಂತೆ ತೊಪ್ಪಿಯ ಗುಂ ಎನ್ನುವ ದನಿ ಕಡಿಮೆಯಾಗುತ್ತದೆ, ಸ್ಥಾಯಿ ಏರುತ್ತದೆ. ಬಲಮುಖವೂ ಎ.ಸಿ. ಹಾಕಿದ ಕೋಣೆಯಲ್ಲಿ ಬದಲಾಗುತ್ತದೆ. ಹತ್ತು ಗಂಟೆಯ ಟೇಕಿನಿಂದ ಹನ್ನೆರಡು ಗಂಟೆಯ ಟೇಕಿಗೆ ಜಿಗಿದರೆ ಕೊಯ್ದ ಜಾಗ ಎದ್ದು ಕಾಣುತ್ತದೆ. ಇನ್ನು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಗಾಯಕರ ಮೈಕಿಗೆ ಸೋರಿದ್ದರಂತೂ ಪ್ರತಿ ಜೋಡಣೆಯಲ್ಲೂ ಅದರ ಆವರ್ತನ ತುಂಡಾಗಿ 'ಟಿಕ್' ಎನ್ನುತ್ತದೆ.

ಮೈಕು_ಮೌನ

ಸರಿ. ಅದಕ್ಕೇ ಕರ್ನಾಟಕ ಸಂಗೀತದಲ್ಲಿ ಟೇಕುಗಳ ಬದಲು ಇಡೀ ಕೃತಿಯನ್ನೇ ಎರಡು ಸಲ ಹಾಡಿಸಿ, ಒಂದನ್ನು ಆರಿಸುವುದು ಜಾಣತನ. ತಿದ್ದಲೇಬೇಕಾದರೆ ಅನುಪಲ್ಲವಿಯಿಂದ ಮರಳಿ ಪಲ್ಲವಿ ಎತ್ತಿಕೊಳ್ಳುವ ಜಾಗದಲ್ಲಿ, ಮೃದಂಗದ ಪೆಟ್ಟಿಗೆ ಸ್ವಲ್ಪ ಮೊದಲು ಕೊಯ್ಯಿರಿ, ಪೆಟ್ಟು ಜೋಡಣೆಯನ್ನು ಮುಚ್ಚುತ್ತದೆ. 10–20 ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದು ತುಂಡು ಇಳಿಯುತ್ತ ಇನ್ನೊಂದು ಏರುವಂತೆ ಬೆಸೆಯುವುದು) ಸಾಕು.

ಶ್ರುತಿಪೆಟ್ಟಿಗೆಯನ್ನು ಹೆಡ್‌ಫೋನಿಗೆ ಕೊಟ್ಟು, ನಿಜವಾದ ತಂಬೂರಿಯನ್ನು ಬೇರೆ ಟ್ರ್ಯಾಕಿನಲ್ಲಿ ಆಮೇಲೆ ಮುದ್ರಿಸಿ ಕೆಳಗೆ ಹಾಸಿದರೆ ಜೋಡಣೆಗಳೆಲ್ಲ ಅದರಡಿ ಅಡಗುತ್ತವೆ. ಹಾಗೆ ಮಾಡುವಾಗ ತಂಬೂರಿಯ ಜೀವಾಳಿ ದಾರ (ತಂತಿಗೂ ಕುದುರೆಗೂ ನಡುವೆ ಇಡುವ ಎಳೆ) ಸರಿಯಾಗಿ ಕೂತಿರಬೇಕು, 20 ನಿಮಿಷ ಒಂದೇ ಸಮನೆ ಮೀಟಬೇಕು. 30 ಸೆಕೆಂಡಿನ ತುಂಡನ್ನು ಸುತ್ತಿ ಸುತ್ತಿ ಹಾಕಿದರೆ ಕೇಳುವ ಕಿವಿಗೆ ಐದು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಹೆಡ್‌ಫೋನ್ ಹಾಕಿಕೊಂಡು ಹಾಡಲು ಒಪ್ಪದ ವಿದ್ವಾಂಸರಿಗೆ ಬಲವಂತ ಬೇಡ. ಅಂಥ ಕಡೆ ಸಂಕಲನದ ಆಸೆಯನ್ನೇ ಬಿಡಿ.

ಕಡಲತಡಿ

ಡಿಸ್ಕ್ ಕೊಳ್ಳುವವರಿಗೆ ಎರಡು ಮಾತು. ಅಲಿಯಾ ವೋಕ್ಸ್ ಡಿಸ್ಕಿನ ಸಂಖ್ಯೆ 'ಎವಿ' ಎಂದು ಶುರುವಾದರೆ ಸಾದಾ ಸಿಡಿ, 'ಎವಿಎಸ್‌ಎ' ಎಂದಿದ್ದರೆ ಎಸ್‌ಎಸಿಡಿ (ಸೂಪರ್ ಆಡಿಯೊ ಸಿಡಿ). ಎರಡನೆಯದು ಹೈಬ್ರಿಡ್: ಒಂದು ಪದರದಲ್ಲಿ 16 ಬಿಟ್, 44.1 ಕಿಲೋಹರ್ಟ್ಸ್‌ನ ಸಿಡಿ, ಇನ್ನೊಂದರಲ್ಲಿ 2.8224 ಮೆಗಾಹರ್ಟ್ಸ್‌ನ 1 ಬಿಟ್ ಡಿಎಸ್‌ಡಿ (ಎಸ್‌ಎಸಿಡಿಯದೇ ಡಿಜಿಟಲ್ ಧ್ವನಿರೂಪ). ಕಂಪ್ಯೂಟರಿನ ಡ್ರೈವು, ಸಾದಾ ಡಿವಿಡಿ ಪ್ಲೇಯರು ಸಿಡಿ ಪದರ ಮಾತ್ರ ಓದುತ್ತವೆ. 'ಎಸ್‌ಎಸಿಡಿ ಕೊಂಡೆ, ವ್ಯತ್ಯಾಸವೇ ಇಲ್ಲ ಮಾರಾಯ್ರೆ' ಎನ್ನುವವರಲ್ಲಿ ಹೆಚ್ಚಿನವರು ಕೇಳುತ್ತಿರುವುದು ಸಿಡಿ ಪದರವನ್ನೇ. ಎಸ್‌ಎಸಿಡಿ ಪ್ಲೇಯರ್ ಇದ್ದರೂ ಆಪ್ಟಿಕಲ್ ತಂತಿಯಲ್ಲಿ ಡಿಎಸ್‌ಡಿ ಹೊರಬರುವುದಿಲ್ಲ, ಅನಲಾಗ್ ಔಟ್ ಅಥವಾ ಎಚ್‌ಡಿಎಂಐ ಬೇಕು.

ದಪ್ಪ ಪುಸ್ತಕದ ಆವೃತ್ತಿಗಳಲ್ಲಿ ಡಿಸ್ಕು ರಟ್ಟಿನ ಜೇಬಿನಲ್ಲಿರುತ್ತದೆ. ಎಳೆದು ತೆಗೆಯುವಾಗ ಗೀರು ಖಂಡಿತ. ತೆಳು ಪಾಲಿಥೀನಿನ ಒಳಚೀಲ ತಂದು ಹಾಕಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವವರು ಮಳೆಗಾಲಕ್ಕೆ ಮೊದಲು ಪುಸ್ತಕ ಬೇರೆ, ಡಿಸ್ಕ್ ಬೇರೆ ಇಡುವುದು ಒಳ್ಳೆಯದು. ಬೂಷ್ಟು ಮೊದಲು ಹಿಡಿಯುವುದು ಕಾಗದಕ್ಕೆ, ಅಲ್ಲಿಂದ ಡಿಸ್ಕಿಗೆ ದಾಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್, ಬಣ್ಣ ತಿರುಗಿದ ಕೂಡಲೇ ಬಿಸಿ ಮಾಡಿ ಮತ್ತೆ ಬಳಸಿ.

ರೀಲ್‌ಟೇಪ್

ಇದಕ್ಕೊಂದು ಸೇರಿಕೆ. ಹಳೆಯ ಮುದ್ರಣ ಎಸ್‌ಎಸಿಡಿಯಲ್ಲಿ ಬಂದಿದೆ ಎಂದಮಾತ್ರಕ್ಕೆ ಒಳಗೆ ಅಷ್ಟು ಮಾಹಿತಿ ಇದೆ ಎಂದಲ್ಲ. ಮೂಲ ಅನಲಾಗ್ ಟೇಪಾದರೆ ಹೊಸದಾಗಿ ಎತ್ತಿಕೊಂಡದ್ದಕ್ಕೆ ಬೆಲೆ ಇದೆ. 80ರ ದಶಕದ ಡಿಜಿಟಲ್ ಮಾಸ್ಟರ್‌ಗಳು ಸಾಮಾನ್ಯವಾಗಿ 16 ಬಿಟ್‌ನವು, ಅವನ್ನು ಎಂಥ ಪಾತ್ರೆಗೆ ಸುರಿದರೂ ಇದ್ದಷ್ಟೇ. ಕೊಳ್ಳುವ ಮೊದಲು ಪುಸ್ತಿಕೆಯಲ್ಲಿ ಮೂಲ ಮುದ್ರಣದ ವರ್ಷ ನೋಡಿ.

ಮನೆಯ ಅಟ್ಟದ ಸ್ಪೂಲುಗಳ (ಸುರುಳಿ ಟೇಪುಗಳ) ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆತನದ ಲೇಬಲ್ಲುಗಳಿಗೆ 'ಹೆರಿಟೇಜ್' ಸರಣಿ ಅದೇ. ಕಾಲಿಂಚಿನ ಟೇಪು, 1200 ಅಡಿ, ಸೆಕೆಂಡಿಗೆ 7.5 ಇಂಚಿನ ವೇಗವಾದರೆ ಒಂದು ಬದಿಗೆ 32 ನಿಮಿಷ. 1800 ಅಡಿ, 3.75 ಇಂಚಾದರೆ 96 ನಿಮಿಷ. ಪೆಟ್ಟಿಗೆಯ ಮೇಲೆ ಬರೆದ ಕಛೇರಿಯ ಅವಧಿಗೂ ಇದಕ್ಕೂ ತಾಳೆ ಆಗದಿದ್ದರೆ ವೇಗವೋ ಪೆಟ್ಟಿಗೆಯೋ ತಪ್ಪಾಗಿದೆ. ತಪ್ಪು ವೇಗದಲ್ಲಿ ಡಿಜಿಟಲೀಕರಿಸಿದರೆ ಶ್ರುತಿಯೇ ಬೇರೆಯಾಗುತ್ತದೆ.

ಸ್ಪೂಲನ್ನು ಬೆಳಕಿಗೆ ಹಿಡಿಯಿರಿ. ಬೆಳಕು ದಾಟಿ ಬಂದರೆ ಅಸಿಟೇಟ್, ದಾಟದಿದ್ದರೆ ಪಾಲಿಯೆಸ್ಟರ್. ಅಸಿಟೇಟ್ ಹಳಸಿದರೆ ಹುಳಿ ವಿನೆಗರ್ ವಾಸನೆ ಬರುತ್ತದೆ, ಅದನ್ನು ಯಾವ ಕಾರಣಕ್ಕೂ ಬಿಸಿ ಮಾಡಬಾರದು. 70–80ರ ದಶಕದ, ಬೆನ್ನಿಗೂ ಲೇಪವಿರುವ ಕೆಲವು ಪಾಲಿಯೆಸ್ಟರ್ ಟೇಪುಗಳು ಅಂಟಂಟಾಗಿ ಹೆಡ್ಡಿಗೆ ಕಂದು ಮಡ್ಡಿ ಬಿಡುತ್ತ ಕಿರುಗುಟ್ಟುತ್ತವೆ. ಅವನ್ನು ಮಾತ್ರ ಸುಮಾರು 54 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸಿ, ತಣಿದ ಮೇಲೆ ಓಡಿಸಿ ಒಮ್ಮೆಗೇ ಮುದ್ರಿಸಿಕೊಳ್ಳುತ್ತಾರೆ. ಅಡುಗೆಮನೆಯ ಒವನ್ನಿನ ಮುಳ್ಳು ನಂಬಿ ಈ ಕೆಲಸ ಮಾಡಬೇಡಿ. ಸ್ಟೀರಿಯೊ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲಿ.

ಕರಡುಪತ್ರ

ಕಾಗದದ ಕಡೆಗೆ ಬರೋಣ. ಲೇಬಲ್ಲುಗಳು ಸಾಯುವುದು ಹೆಚ್ಚಾಗಿ ಇಲ್ಲೇ.

ಹೊರಗಿನ ಉದಾಹರಣೆ ಒಂದು. ಇಂಗ್ಲೆಂಡಿನ ಹೈಪೀರಿಯನ್ 1980ರಲ್ಲಿ ಟೆಡ್ ಪೆರಿ ಕಟ್ಟಿದ, ಮಗ ಸೈಮನ್ ಮುಂದುವರಿಸಿದ ಲೇಬಲ್. ಲಾಲಾಂದ್ ಎಂಬ ಫ್ರೆಂಚ್ ರಚನಕಾರ ತೀರಿಕೊಂಡದ್ದು 1726ರಲ್ಲಿ. ಅವನ ಕೃತಿಗಳನ್ನು ಲಯೋನೆಲ್ ಸಾಕಿನ್ಸ್ ಎಂಬ ವಿದ್ವಾಂಸರು ಹಸ್ತಪ್ರತಿಗಳಿಂದ ಸಂಪಾದಿಸಿಕೊಟ್ಟಿದ್ದರು. ಹೈಪೀರಿಯನ್ ಅದನ್ನು ಬಳಸಿ ಮುದ್ರಿಸಿತು, ಸಂಪಾದನೆಗೆ ಹಕ್ಕುಸ್ವಾಮ್ಯ ಇಲ್ಲ ಎಂದು ವಾದಿಸಿತು, 2004ರಲ್ಲಿ ಸೋತಿತು, 2005ರ ಮೇಲ್ಮನವಿಯಲ್ಲೂ ಸೋತಿತು. ವಕೀಲರ ಖರ್ಚು 10 ಲಕ್ಷ ಪೌಂಡಿನ ಹತ್ತಿರ ಎಂದು ಆಗ ವರದಿಯಾಗಿತ್ತು. ಹೈಪೀರಿಯನ್ 2023ರಲ್ಲಿ ಯೂನಿವರ್ಸಲ್ ಪಾಲಾಯಿತು, ಕೌಸೆನ್ಸ್ ಕುಟುಂಬದ ಚಾಂಡೋಸ್ ಲೇಬಲ್ 2024ರಲ್ಲಿ ನಾಕ್ಸಾಸ್ ಲೇಬಲ್ಲಿನ ಕ್ಲೌಸ್ ಹೈಮನ್‌ಗೆ ಹೋಯಿತು.

ಇಲ್ಲಿಗೆ ಬಂದರೆ: ಭಾರತದಲ್ಲಿ ರಚನೆಯ ಹಕ್ಕು ರಚನಕಾರರ ಮರಣದ ನಂತರ 60 ವರ್ಷ, ಮರುವರ್ಷದ ಜನವರಿಯಿಂದ ಎಣಿಕೆ. ಮುತ್ತಯ್ಯ ಭಾಗವತರ್ ತೀರಿಕೊಂಡದ್ದು 1945, ಅವರ ಕೃತಿಗಳು ಮುಕ್ತ. ಮೈಸೂರು ವಾಸುದೇವಾಚಾರ್ಯರು 1961, ಅಂದರೆ 2021ರ ಕೊನೆಗೆ ಮುಗಿಯಿತು, 2022ರಿಂದ ಮುಕ್ತ. ಜಯಚಾಮರಾಜ ಒಡೆಯರ್ 1974, ಅವರದ್ದಕ್ಕೆ 2034ರ ಕೊನೆಯವರೆಗೆ ಅನುಮತಿ ಬೇಕು. ಡಿವಿಜಿ 1975, ಅಂತಃಪುರಗೀತೆ ಹಾಡುವವರು 2035ರ ಕೊನೆಯವರೆಗೆ ಕೇಳಿಯೇ ಮುದ್ರಿಸಬೇಕು. ಧ್ವನಿಮುದ್ರಣದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಹಾಡಿದವರ, ನುಡಿಸಿದವರ ಹಕ್ಕು ಬೇರೆ, 50 ವರ್ಷ.

ಗಮಕಪ್ರಿಯ

ಕರಡುಪತ್ರ ಅವರೇ, ದಾಸರ ಪದಗಳಿಗೆ ತೊಂದರೆ ಇಲ್ಲವಲ್ಲ? ಮತ್ತೆ ಮನೆಯವರೇ ಹಾಡಿ ಮನೆಯವರೇ ಮುದ್ರಿಸಿದರೂ ಕಾಗದ ಬೇಕೆ?

ಕರಡುಪತ್ರ

ಪುರಂದರದಾಸರ ಸಾಹಿತ್ಯ ಮುಕ್ತ. ಆದರೆ ಇವತ್ತು ಹಾಡುವ ಎಷ್ಟೋ ದೇವರನಾಮಗಳ ರಾಗಸಂಯೋಜನೆ 20ನೇ ಶತಮಾನದ ವಿದ್ವಾಂಸರದ್ದು. ಅದು ಅವರ ರಚನೆ, ಅದಕ್ಕೆ ಬೇರೆ ಹಕ್ಕು. ಸಾಕಿನ್ಸ್ ಪ್ರಕರಣ ಹೇಳಿದ್ದು ಇದಕ್ಕೇ. ಒಂದೋ ಸಂಯೋಜಕರ ಮನೆಯವರಿಂದ ಪತ್ರ ತನ್ನಿ, ಇಲ್ಲವೇ ಸ್ವಂತ ರಾಗಸಂಯೋಜನೆ ಮಾಡಿ ಅದನ್ನು ಕವರಿನ ಮೇಲೆ ಹಾಕಿ. ಕಾಯಿದೆಯ 31ಸಿ ಕಲಮಿನಲ್ಲಿ ಮೂಲ ಮುದ್ರಣವಾಗಿ ಐದು ವರ್ಷದ ಮೇಲೆ ಕವರ್ ಆವೃತ್ತಿಗೆ ದಾರಿ ಇದೆ. ಆದರೆ ಪ್ರತಿ ಕೃತಿಗೂ ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಧನ ಕಟ್ಟಬೇಕು. 300 ಡಿಸ್ಕಿನವರಿಗೆ ಅದು ದಾರಿಯೇ ಅಲ್ಲ, ನೇರ ಪತ್ರವೇ ಮೇಲು.

ಮನೆಯವರ ನಡುವೆ ಕಾಗದ ಬೇಕೇ ಬೇಕು, ಹೊರಗಿನವರಿಗಿಂತ ಹೆಚ್ಚಾಗಿ. ನಮ್ಮ ಕಾಯಿದೆಯಲ್ಲಿ ಧ್ವನಿಮುದ್ರಣದ ಮೊದಲ ಒಡೆಯ ನಿರ್ಮಾಪಕ, ಅಂದರೆ ಮುಂದಾಳತ್ವ ಮತ್ತು ಹೊಣೆ ಹೊತ್ತವನು. ಅತ್ತೆ ಹಾಡಿ, ಸೊಸೆ ಪಿಟೀಲು ನುಡಿಸಿ, ಅಳಿಯ ಸ್ಟುಡಿಯೊ ಗೊತ್ತುಮಾಡಿ ಹಣ ಕೊಟ್ಟರೆ ಮಾಸ್ಟರ್ ಅಳಿಯನದು ಎಂದು ನಾಳೆ ವಾದ ಹುಟ್ಟಬಹುದು. ಹೀಗಾಗದಿರಲು ಮೊದಲ ಮುದ್ರಣಕ್ಕೆ ಮುಂಚೆ ಪಾಲುದಾರಿಕೆ ಸಂಸ್ಥೆಯೋ ಎಲ್‌ಎಲ್‌ಪಿಯೋ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿ, ಸ್ಟುಡಿಯೊದ ಬಿಲ್ಲು ಆ ಹೆಸರಲ್ಲೇ ಪಡೆಯಿರಿ. ಪ್ರತಿಯೊಬ್ಬ ಕಲಾವಿದರಿಂದ, ಮೃದಂಗ, ಘಟ, ತಂಬೂರಿ ಸೇರಿ, ಒಂದು ಪುಟದ ಪತ್ರ.

ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯಿದೆ ಅದನ್ನು 5 ವರ್ಷ ಎಂದೇ ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ, ಆಗ ಅಮೆರಿಕದ ಕನ್ನಡ ಕೂಟಕ್ಕೆ ಮಾರುವುದೂ ಪತ್ರದಾಚೆಯ ಮಾತಾಗುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ಹೇಳದ ಪಕ್ಷದಲ್ಲಿ, ಹಕ್ಕು ಬಿದ್ದುಹೋಗುತ್ತದೆ. ಈ ಮೂರಕ್ಕೂ ಒಂದೊಂದು ಸಾಲು ಬರೆದರೆ ಸಾಕು.

ಆಕಾಶವಾಣಿ ಪ್ರಸಾರವನ್ನು ಮನೆಯಲ್ಲಿ ಮುದ್ರಿಸಿಕೊಂಡ ಕ್ಯಾಸೆಟ್ಟು ನಿಮ್ಮ ಮಾಸ್ಟರ್ ಅಲ್ಲ, ಹಾಡಿದ್ದು ನಿಮ್ಮ ತಾತನೇ ಆಗಿರಲಿ. ಪ್ರಸಾರ ಭಾರತಿಯನ್ನು ಕೇಳಬೇಕು. ಸಭೆಯ ಸ್ಪೂಲುಗಳಾದರೆ ಪಕ್ಕವಾದ್ಯದವರ ವಾರಸುದಾರರಿಂದಲೂ ಪತ್ರ ತನ್ನಿ.

ಧಾರವಾಡದ ಕೇಳುಗ

ಅಳಿಯನ ಮಾತು ಚೊಲೋ ಹೇಳಿದ್ರಿ. ಇನ್ನೊಂದು ಪಾಸ್‌ವರ್ಡ್ ವಿಷಯ. ಸ್ಟ್ರೀಮಿಂಗ್ ಖಾತೆ ಒಬ್ರ ಫೋನ್ ನಂಬರಿಗೆ ಕಟ್ಟಿದ್ರ ಅವ್ರು ತೀರಿಕೊಂಡ ಮ್ಯಾಲೆ ಓಟಿಪಿ ಯಾರಿಗೆ ಬರ್ತದ? ಸಂಸ್ಥೆ ಹೆಸರಿನ ಇಮೇಲು, ಇಬ್ರ ಕೈಯಾಗ ಬೀಗ.

ನನ್ನ ಪ್ರಶ್ನೆ ಬ್ಯಾರೆ. ಸವಾಲ್ ಡಿಸ್ಕಿನ್ಯಾಗ ಎರಡು ಮೂರು ನಿಮಿಷದ ತುಂಡು ಇಪ್ಪತ್ತು ಮೂವತ್ತು ಇರ್ತಾವು. ನಮ್ಮ ಬಡಾ ಖಯಾಲು 40 ನಿಮಿಷ, ಒಂದ ತುಂಡು. ಸ್ಟ್ರೀಮಿಂಗಿನ್ಯಾಗ ಎರಡಕ್ಕೂ ಒಂದ ಎಣಿಕೆ ಅಂತಾರ, ಹೌದೇನು?

ಸಾಲುಸಂಖ್ಯೆ

ಹೌದು. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ, 40 ನಿಮಿಷ ಕೇಳಿದರೂ ಒಂದೇ. ಗಾಂಬಾ ರಚನಕಾರ ಮಾರೇಯ ಒಂದು ಸ್ವೀಟನ್ನು (ಸಣ್ಣ ನೃತ್ಯತುಂಡುಗಳ ಸರಣಿಯನ್ನು) ಪೂರ್ತಿ ಕೇಳಿದವರಿಂದ ಏಳೆಂಟು ಎಣಿಕೆ ಸಿಗುವಾಗ ಇಡೀ ರಾಗ–ತಾನ–ಪಲ್ಲವಿ ಕೇಳಿದವರಿಂದ ಒಂದು. ಆದ್ದರಿಂದ ಆಲಾಪನೆ, ತಾನ, ಪಲ್ಲವಿ, ತನಿ (ಮೃದಂಗದವರ ಏಕವಾದನ) ಎಂದು ನಾಲ್ಕು ಮಾಡುವುದು ವಾಡಿಕೆ.

ಆದರೆ ಇದಕ್ಕೆ ಇನ್ನೊಂದು ಮುಖ ಇದೆ. 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳದ ಟ್ರ್ಯಾಕಿಗೆ ಹಣವೇ ಇಲ್ಲ. ಹತ್ತು ತುಂಡು ಮಾಡಿ ಪ್ರತಿಯೊಂದೂ 400ಕ್ಕೆ ನಿಂತರೆ ಕೈಗೆ ಸೊನ್ನೆ. ಕೇಳುಗರು ಕಡಿಮೆ ಇರುವ ಲೇಬಲ್ ತುಂಡನ್ನು ಮೂರು ನಾಲ್ಕಕ್ಕೆ ಮಿತಿಗೊಳಿಸುವುದು ಮೇಲು. ತನಿಯನ್ನು ಮಾತ್ರ ಖಂಡಿತ ಬೇರೆ ಮಾಡಿ, ಮೃದಂಗ ಕಲಿಯುವವರು ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ.

ತುಂಡು ಮಾಡುವಾಗ: ಸಿಡಿಯ ಒಂದು ಸೆಕೆಂಡಿಗೆ 75 ಚೌಕಟ್ಟು, ಒಂದೊಂದರಲ್ಲೂ 588 ಮಾದರಿ. ಕೊಯ್ಯುವ ಜಾಗ 588ರ ಗುಣಕದಲ್ಲಿ ಇರದಿದ್ದರೆ ಕೊನೆಯ ಚೌಕಟ್ಟಿಗೆ ಶೂನ್ಯ ತುಂಬಿ ನಡುವೆ 'ಟಪ್' ಎನ್ನುತ್ತದೆ. ಸ್ಟ್ರೀಮಿಂಗಿಗೆ ಎಂಪಿ3 ಕಳಿಸಬೇಡಿ, ಅದು ಆರಂಭಕ್ಕೇ ಸ್ವಲ್ಪ ಮೌನ ಸೇರಿಸುತ್ತದೆ, ತಾನ ಮುಗಿದು ಪಲ್ಲವಿ ಏಳುವಲ್ಲಿ ತಂಬೂರಿ ಕಡಿದುಹೋಗುತ್ತದೆ. ವೇವ್ ಅಥವಾ ಫ್ಲ್ಯಾಕ್ ಕಳಿಸಿ.

ಪ್ರತಿ ತುಂಡಿಗೂ ಬೇರೆ ಐಎಸ್‌ಆರ್‌ಸಿ (ಧ್ವನಿಮುದ್ರಣದ ಅಂತರರಾಷ್ಟ್ರೀಯ ಗುರುತುಸಂಖ್ಯೆ) ಬೇಕು. 12 ಅಕ್ಷರ: ದೇಶಕ್ಕೆ 2, ನೋಂದಾಯಿಸಿಕೊಂಡವರಿಗೆ 3, ವರ್ಷಕ್ಕೆ 2, ಕ್ರಮಸಂಖ್ಯೆಗೆ 5. ಭಾರತದಲ್ಲಿ ಕೊಡುವುದು ಐಎಂಐ, ಅಂದರೆ ಮ್ಯೂಸಿಕ್ ಕಂಪನಿಗಳ ಸಂಘ. ವಿತರಕರೇ ಉಚಿತವಾಗಿ ಕೊಡುವ ಸಂಖ್ಯೆಯಿಂದ ಹಾಡು ನಡೆಯುತ್ತದೆ, ಆದರೆ ಅದರೊಳಗಿನ ಮೂರಕ್ಷರ ಅವರದ್ದು. ಲೇಬಲ್ ಎಂದು ಹೇಳಿಕೊಳ್ಳುವವರು ಸ್ವಂತದ್ದು ಮಾಡಿಸಿಕೊಳ್ಳಿ. ವಿತರಕರನ್ನು ಬದಲಿಸುವಾಗ ಹಳೆಯ ಸಂಖ್ಯೆಯನ್ನೇ ಕೊಂಡೊಯ್ಯಬೇಕು, ಹೊಸದು ಹಾಕಿದರೆ ಅಲ್ಲಿಯವರೆಗಿನ ಎಣಿಕೆ ಕಳೆದುಹೋಗುತ್ತದೆ. ಮರುಮಾಸ್ಟರಿಂಗ್ ಮಾಡಿದ್ದಕ್ಕೆ ಮಾತ್ರ ಹೊಸದು.

ಹೆಸರುಗಳು: ರಾಗ, ತಾಳವನ್ನು ಶೀರ್ಷಿಕೆಯಲ್ಲಿ ಒಂದೇ ಕ್ರಮದಲ್ಲಿ ಇಡಿ. 'ತೋಡಿ', 'ಥೋಡಿ', 'ಹನುಮತೋಡಿ' ಮೂರೂ ಒಂದೇ ಆಲ್ಬಮ್ಮಿನಲ್ಲಿ ಬಂದರೆ ಹುಡುಕುವವರಿಗೆ ಒಂದೂ ಸಿಗದು. ರಚನಕಾರರ ಜಾಗದಲ್ಲಿ 'ಸಾಂಪ್ರದಾಯಿಕ' ಎಂದು ಬರೆದು ಕೈತೊಳೆದುಕೊಳ್ಳಬೇಡಿ.

ಶ್ರುತಿಪೆಟ್ಟಿಗೆ

ಪುಸ್ತಿಕೆಯ ಬಗ್ಗೆ ಯಾರೂ ಹೇಳಲಿಲ್ಲ. ಅಲಿಯಾ ವೋಕ್ಸ್ ಡಿಸ್ಕನ್ನು ಜನ ಇವತ್ತಿಗೂ ಕೊಳ್ಳುವುದಕ್ಕೆ ದೊಡ್ಡ ಕಾರಣ ಅದು. 2008ರ ಜೆರುಸಲೆಂ ಆಲ್ಬಮ್ಮಿನ ಪುಸ್ತಕದಲ್ಲಿ ಯುರೋಪಿನ ಭಾಷೆಗಳ ಜೊತೆ ಹೀಬ್ರೂ, ಅರೇಬಿಕ್ ಕೂಡ ಇವೆ. ಬೋರ್ಜಾ ಮನೆತನದ ಮೇಲಿನ ಆಲ್ಬಮ್ಮಿಗೆ 2011ರಲ್ಲಿ ಗ್ರ್ಯಾಮಿ ಬಂತು, ಅದೂ ದಪ್ಪ ಪುಸ್ತಕವೇ. ನಮಗೆ ಹತ್ತಿರದ್ದು 2007ರ ಫ್ರಾನ್ಸಿಸ್ ಕ್ಸೇವಿಯರ್ ಆಲ್ಬಂ, ಗೋವಾದಿಂದ ಜಪಾನಿನವರೆಗಿನ ದಾರಿಯನ್ನು ಸಂಗೀತದಲ್ಲಿ ಹೇಳುವಂಥದ್ದು. ಹಾಡು ಫೋನಿನಲ್ಲಿ ಸಿಗುತ್ತದೆ, ಪುಸ್ತಕ ಸಿಗುವುದಿಲ್ಲ. ನಮ್ಮಲ್ಲಿ ಡಿಸ್ಕಿನ ಜೊತೆ ಬರುವುದು ನಾಲ್ಕು ಪುಟ, ಅದರಲ್ಲಿ ಎರಡು ಪುಟ ಪ್ರಶಸ್ತಿಗಳ ಪಟ್ಟಿ.

ಸಾಹಿತ್ಯ ಪೂರ್ತಿ ಹಾಕಿ, ಪಾಠಾಂತರ ಇದ್ದರೆ ಯಾರ ಪಾಠ ಎಂದು ಹಾಕಿ, ಹಾಡಿದ ಶ್ರುತಿ, ವಾದ್ಯ ಮಾಡಿದವರ ಹೆಸರು, ಮುದ್ರಣದ ದಿನ, ಜಾಗ ಹಾಕಿ. ಅಳತೆ 120 × 120 ಮಿ.ಮೀ., ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿಹೋಗುವ ಅಂಚು), ಪುಟಗಳು ನಾಲ್ಕರ ಗುಣಕ. ಪಿನ್ನು ಹೊಡೆದ ಪುಸ್ತಿಕೆ 32 ಪುಟ ದಾಟಿದರೆ ಪ್ಲಾಸ್ಟಿಕ್ ಡಬ್ಬಿಯ ಕಿವಿಗಳಿಗೆ ಸಿಕ್ಕಿ ಹರಿಯುತ್ತದೆ.

ಕನ್ನಡದ ತೊಡಕು ಬೇರೆಯೇ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಸಾಹಿತ್ಯವನ್ನು ವಿನ್ಯಾಸಕರಿಗೆ ಕಳಿಸಿದರೆ ಅಲ್ಲಿ ಕಸ ಕಾಣುತ್ತದೆ. ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಕೊಂಬುಗಳನ್ನು ಒಂದೊಂದಾಗಿ ನೋಡಿ. ಇನ್‌ಡಿಸೈನಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಮುದ್ರಣಕ್ಕೆ ಕಳಿಸುವ ಪಿಡಿಎಫ್‌ನಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ. ಕಪ್ಪು ನೆಲದ ಮೇಲೆ ಬಿಳಿ ಅಕ್ಷರ 8 ಪಾಯಿಂಟಿಗಿಂತ ಸಣ್ಣದಾದರೆ ಒತ್ತಿನೊಳಗೆ ಶಾಯಿ ತುಂಬಿ 'ಕ್ಷ್ಮ' ಯಾವುದು, 'ಕ್ಷ್ಯ' ಯಾವುದು ತಿಳಿಯುವುದಿಲ್ಲ.

ಗಮಕಪ್ರಿಯ

ಎಷ್ಟು ಪ್ರತಿ ಒತ್ತಿಸಬೇಕು ಎನ್ನುವುದು ಉಳಿಯಿತು. ಮಕ್ಕಳು ಮುಂದೆ ಬೇರೆ ಲೇಬಲ್ಲಿಗೆ ಹಾಡಬಹುದೇ ಎನ್ನುವುದೂ.

ರೀಲ್‌ಟೇಪ್

ಎರಡನೆಯದು ಸುಲಭ. ಅರಿಯಾನಾ ಸವಾಲ್ ಅವರ ಸ್ವಂತ ಆಲ್ಬಂ 2003ರಲ್ಲಿ ಅಲಿಯಾ ವೋಕ್ಸ್‌ನಲ್ಲೇ ಬಂತು, ಆಮೇಲೆ ಅವರ ತಂಡದ ಆಲ್ಬಂ 2012ರಲ್ಲಿ ಇಸಿಎಂ ಎಂಬ ಬೇರೆ ಲೇಬಲ್ಲಿನಲ್ಲಿ ಬಂತು. ಮನೆಯ ಪತ್ರದಲ್ಲಿ 'ಈ ಮುದ್ರಣ' ಎಂದು ಬರೆಯಿರಿ, 'ಮುಂದಿನ ಎಲ್ಲ ಮುದ್ರಣ' ಎಂದು ಬರೆಯಬೇಡಿ.

ಪ್ರತಿಗಳು: ಗಾಜಿನ ಮಾಸ್ಟರ್ ಮಾಡಿ ಒತ್ತುವ ಕಾರ್ಖಾನೆಗಳು ಸಾಮಾನ್ಯವಾಗಿ 300 ಅಥವಾ 500ಕ್ಕಿಂತ ಕಡಿಮೆ ಮುಟ್ಟುವುದಿಲ್ಲ. ಅದಕ್ಕಿಂತ ಕಡಿಮೆಗೆ ಸಿಗುವುದು ಸುಟ್ಟ ಸಿಡಿ-ಆರ್, ನಮ್ಮ ಬಿಸಿಲಿನಲ್ಲಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅದರ ಬಣ್ಣದ ಪದರ ಬೇಗ ಕೆಡುತ್ತದೆ. ಕಾರ್ಖಾನೆಗೆ ಆಡಿಯೊ ಸಿಡಿ ಕೊಡಬೇಡಿ, ಡಿಡಿಪಿ ಫೈಲು (ಕಾರ್ಖಾನೆಗೆಂದೇ ಮಾಡುವ ಸಿಡಿಯ ಮಾಸ್ಟರ್ ರೂಪ) ಮತ್ತು ಅದರ ಎಂಡಿ5 ಮೊತ್ತ (ಫೈಲು ಬದಲಾಗಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಕೊಡಿ, ದಾರಿಯಲ್ಲಿ ಒಂದು ಬಿಟ್ ಬದಲಾದರೂ ಗೊತ್ತಾಗುತ್ತದೆ. ಒಟ್ಟು ಅವಧಿ 79 ನಿಮಿಷದೊಳಗೆ ಇರಲಿ. ಪುಸ್ತಿಕೆಯನ್ನು ಮಾತ್ರ ಡಿಸ್ಕಿಗಿಂತ 50 ಹೆಚ್ಚು ಒತ್ತಿಸಿ. ಪತ್ರಿಕೆ, ಗ್ರಂಥಾಲಯ, ಪಕ್ಕವಾದ್ಯದವರ ಮನೆ ಎಂದು ಅದು ಬೇಗ ಖಾಲಿಯಾಗುತ್ತದೆ, ಮತ್ತೆ 50 ಮುದ್ರಿಸಲು ಹೋದರೆ ಪ್ರೆಸ್ಸಿನವರು 300ರ ದರವನ್ನೇ ಹೇಳುತ್ತಾರೆ.